ಮುಂಬಯಿ: ನೀರು ಉಳಿಸಿದ ಕಾಡು

ಕೋಟಿಗೂ ಮೀರಿ ಜನ ವಾಸಿಸುವ ಮುಂಬಯಿ ನಗರದ ಎಲ್ಲೆಗೆ ತಾಗಿಕೊಂಡೇ ಚಿರತೆಗಳಿವೆ. ನಗರದ ಪೂರ್ವದಂಚಿನ ಕೆಸರು ಬಯಲಿನಲ್ಲಿ ಫ್ಲೆಮಿಂಗೊ ಎಂದು ಕರೆಯುವ ರಾಜಹಂಸಗಳು ಪ್ರತಿ ವರ್ಷ ಸಾವಿರಗಟ್ಟಲೆ ಬಂದಿಳಿಯುತ್ತವೆ. ಇಷ್ಟೊಂದು ಜನದಟ್ಟಣೆಯ ನಡುವೆ ಇವುಗಳಿಗೆ ನೆಲೆ ಸಿಕ್ಕಿದ್ದು ಹೇಗೆ? ಇದಕ್ಕೆ ಉತ್ತರ ಆ ನಗರದ ನೀರಿನ ಚರಿತ್ರೆಯಲ್ಲಿದೆ.

1661ರ ವಿವಾಹ ಒಪ್ಪಂದದಲ್ಲಿ ಪೋರ್ಚುಗೀಸರು ಬೊಂಬಾಯಿಯನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ಗೆ ಬಿಟ್ಟುಕೊಟ್ಟರು. ಆಗ ಅದು ಏಳು ದ್ವೀಪಗಳ ಒಂದು ಗುಂಪು. ಭರತದ ವೇಳೆ ದ್ವೀಪಗಳ ನಡುವಿನ ತಗ್ಗುಗಳಿಗೆ ಸಮುದ್ರ ನುಗ್ಗುತ್ತಿತ್ತು. ಇಳಿತದಲ್ಲಿ ಕೆಸರು ತೆರೆದುಕೊಳ್ಳುತ್ತಿತ್ತು. ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ, 1780ರ ದಶಕದಲ್ಲಿ, ವರ್ಲಿಯ ಬಳಿ ಸಮುದ್ರಕ್ಕೆ ಒಡ್ಡು ಹಾಕಲಾಯಿತು. ಮುಂದೆ ಗುಡ್ಡಗಳನ್ನು ಅಗೆದು ತಗ್ಗುಗಳನ್ನು ತುಂಬುತ್ತಾ ಹೋದಂತೆ, 19ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಏಳು ದ್ವೀಪಗಳು ಒಂದೇ ನೆಲವಾದವು.

ಸುತ್ತ ಸಮುದ್ರವಿದ್ದರೂ ಬೆಳೆಯುತ್ತಿದ್ದ ನಗರಕ್ಕೆ ಕುಡಿಯುವ ನೀರಿರಲಿಲ್ಲ. ಬಾವಿ, ಕೆರೆಗಳು ಸಾಲದಾದಾಗ ಉತ್ತರದ ಸಾಲ್ಸೆಟ್ ದ್ವೀಪದ ಗುಡ್ಡಗಳ ನಡುವೆ ಮಿಠಿ ನದಿಗೆ ಅಣೆಕಟ್ಟು ಕಟ್ಟಿ, 1860ರಲ್ಲಿ ವಿಹಾರ ಜಲಾಶಯವನ್ನು ಪೂರ್ಣಗೊಳಿಸಲಾಯಿತು. ಕೆಲವೇ ದಶಕಗಳಲ್ಲಿ ತುಳಸಿ ಜಲಾಶಯವೂ ಸಿದ್ಧವಾಯಿತು. ಬರಿನೆಲಕ್ಕೆ ಬೀಳುವ ಮಳೆಹನಿಯ ಚಲನಶಕ್ತಿ ಮಣ್ಣಿನ ಕಣಗಳನ್ನು ಸಡಿಲಿಸುತ್ತದೆ. ಹರಿಯುವ ನೀರು ಅವನ್ನು ಜಲಾಶಯಕ್ಕೆ ಸಾಗಿಸುತ್ತದೆ. ಎಲೆಗಳ ಹೊದಿಕೆಯೂ ನೆಲದ ತರಗೆಲೆಯೂ ಈ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಹೀಗಾಗಿ ನೀರಿಗಾಗಿ ಜಲಾನಯನದ ಕಾಡನ್ನು ಕಾಯಬೇಕಾಯಿತು. ಆ ಕಾಡೇ ಇಂದು ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಡಲು. 2015ರ ಕ್ಯಾಮೆರಾ ಸಮೀಕ್ಷೆಯಲ್ಲಿ ಉದ್ಯಾನ ಮತ್ತು ಅದರ ಸುತ್ತಮುತ್ತ 35 ಚಿರತೆಗಳನ್ನು ಗುರುತಿಸಲಾಯಿತು. ಅಂದರೆ, ಚಿರತೆಗೆಂದು ಕಾಯ್ದ ಕಾಡು ಇದಲ್ಲ. ನಲ್ಲಿಯ ನೀರಿಗೆಂದು ಕಾಯ್ದ ಕಾಡಿನಲ್ಲಿ ಚಿರತೆ ಉಳಿಯಿತು.

ಕರಾವಳಿಯ ಕಾಂಡ್ಲಾ ಕಾಡಿಗೆ ಇಂತಹ ಅದೃಷ್ಟವಿರಲಿಲ್ಲ. ಉಪ್ಪುನೀರಿನ ಕೆಸರಿನಲ್ಲಿ ಉಸಿರುಬೇರುಗಳನ್ನು ಮೇಲೆತ್ತಿ ನಿಲ್ಲುವ ಈ ಗಿಡಗಳು ಅಲೆಯ ವೇಗವನ್ನು ತಗ್ಗಿಸುತ್ತವೆ, ಮೀನು ಸಿಗಡಿಗಳ ಮರಿಗಳಿಗೆ ಆಸರೆಯಾಗುತ್ತವೆ. ಆದರೆ ಜನರ ಕಣ್ಣಿಗೆ ಅದು ಕೇವಲ ಪಾಳು ಜಾಗ. ಮಿಠಿ ನದಿಯ ಅಳಿವೆಯ ಜೌಗಿನ ಮೇಲೆ ಬಾಂದ್ರಾ-ಕುರ್ಲಾ ವಾಣಿಜ್ಯ ಸಂಕೀರ್ಣ ಎದ್ದಿತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಇಷ್ಟು ಮಳೆಯಾದರೆ 94 ಕೋಟಿ 40 ಲಕ್ಷ ಲೀಟರ್ ನೀರಾಗುತ್ತದೆ. ಅದೇ ಮಧ್ಯಾಹ್ನ ಸಮುದ್ರದಲ್ಲಿ ದೊಡ್ಡ ಭರತ. ಸಮುದ್ರದ ಮಟ್ಟ ಏರಿದಾಗ ನದಿಯ ಇಳಿಜಾರು ಕುಗ್ಗಿ ಹರಿವು ನಿಧಾನವಾಗುತ್ತದೆ. ನಿಂತ ನೀರಿಗೆ ಹರಡಿಕೊಳ್ಳಲು ಜೌಗೂ ಉಳಿದಿರಲಿಲ್ಲ. ಆ ಪ್ರವಾಹದಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡರು.

ಠಾಣೆ ಖಾರಿಯ ಕಥೆ ಇನ್ನೂ ವಿಚಿತ್ರ. 1990ರ ದಶಕದಿಂದ ರಾಜಹಂಸಗಳು ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ನಗರದ ಕೊಳಚೆಯ ಪೋಷಕಾಂಶಗಳಿಂದ ಅವುಗಳ ಆಹಾರವಾದ ಪಾಚಿ ಹೆಚ್ಚಿದ್ದು ಇದಕ್ಕೆ ಒಂದು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. 2015ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಕಾಂಡ್ಲಾ ಕಾಡಿನ ನಾಶವು ನಾಗರಿಕರ ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಬೊಂಬಾಯಿ ಹೈಕೋರ್ಟ್ 2018ರಲ್ಲಿ ತೀರ್ಪಿತ್ತಿತು.

ಕಾಡಿನ ಬೆಲೆ ಮುಂಬಯಿಗೆ 1860ರಲ್ಲೇ ತಿಳಿದಿತ್ತು, ಏಕೆಂದರೆ ಅದು ನಲ್ಲಿಯಲ್ಲಿ ಹರಿದು ಬರುತ್ತಿತ್ತು. ಕೆಸರಿನ ಬೆಲೆ ತಿಳಿಯಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಶಿಕ್ಷಕರು ಏಳು ದ್ವೀಪಗಳ ಹಳೆಯ ನಕ್ಷೆಯನ್ನು ಇಂದಿನ ನಕ್ಷೆಯ ಪಕ್ಕದಲ್ಲಿಟ್ಟು ವಿದ್ಯಾರ್ಥಿಗಳಿಗೆ ತೋರಿಸಲಿ. ನೀರು ಎಲ್ಲಿತ್ತು, ಈಗ ಅದಕ್ಕೆ ಎಲ್ಲಿ ಜಾಗವಿದೆ ಎಂದು ಅವರೇ ಗುರುತಿಸಲಿ.