ಬೇಬ್ ರೂತ್ ಮತ್ತು ಮರೆಯಲ್ಲಿದ್ದ ಗಡ್ಡೆ



ನಮ್ಮ ಜರ್ಮನ್‌ಟೌನಿನಿಂದ ಬಾಲ್ಟಿಮೋರಿಗೆ ಸುಮಾರು ಒಂದು ಗಂಟೆಯ ಹಾದಿ. ಮಕ್ಕಳಿಗೆ ಬೇಸ್‌ಬಾಲ್ ತೋರಿಸಲು ಕ್ಯಾಮ್ಡನ್ ಯಾರ್ಡ್ಸ್‌ಗೆ ಹೋದವರು, ಸಮೀಪದಲ್ಲೇ ಇರುವ ಬೇಬ್ ರೂತ್ ಜನಿಸಿದ ಮನೆಯನ್ನೂ ನೋಡಿರಬಹುದು. ಆ ಮಹಾನ್ ಆಟಗಾರನ ಕೊನೆಯ ಎರಡು ವರ್ಷಗಳ ಚರಿತ್ರೆಯಲ್ಲಿ ನಮಗೂ ಒಂದು ಪಾಠವಿದೆ.

1946ರಲ್ಲಿ ರೂತ್‌ಗೆ ಎಡಗಣ್ಣಿನ ಹಿಂದೆ ತೀವ್ರ ನೋವು ಕಾಣಿಸಿಕೊಂಡಿತು, ಧ್ವನಿ ಒಡೆಯಿತು. ಮೊದಲು ಸೈನಸ್ ಎಂದರು. ಹಲ್ಲಿನ ಸೋಂಕೆಂದು ಹಲ್ಲುಗಳನ್ನು ಕಿತ್ತರು. ನೋವು ತಗ್ಗಲಿಲ್ಲ, ಕೊರಳು ಊದಿತು. ಶಸ್ತ್ರಚಿಕಿತ್ಸೆಯಲ್ಲಿ ಕ್ಯಾರೋಟಿಡ್ ಧಮನಿಯನ್ನು ಸುತ್ತುವರಿದ ಗಡ್ಡೆ ಕಂಡಿತು. ಅದನ್ನು ಪೂರ್ತಿ ತೆಗೆಯಲಾಗಲಿಲ್ಲ. ವಿಕಿರಣ ಚಿಕಿತ್ಸೆಯ ತರುವಾಯ 1947ರಲ್ಲಿ ಟೆರಾಪ್ಟೆರಿನ್ ಎಂಬ ಹೊಸ ಔಷಧವನ್ನು ಕೊಡಲಾಯಿತು. ಅದನ್ನು ಸಿದ್ಧಪಡಿಸಿದ್ದು ಲೆಡರ್ಲೆ ಪ್ರಯೋಗಾಲಯದಲ್ಲಿದ್ದ, ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಗಂಟುಗಳು ಕರಗಿ ತೂಕ ಹೆಚ್ಚಿತಾದರೂ ಆ ಚೇತರಿಕೆ ಉಳಿಯಲಿಲ್ಲ. 1895ರಲ್ಲೇ ಹುಟ್ಟಿದ್ದ ರೂತ್ ಮತ್ತು ಸುಬ್ಬರಾವ್ ಇಬ್ಬರೂ 1948ರ ಆಗಸ್ಟಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು.

ರೂತ್‌ಗೆ ಇದ್ದದ್ದು ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಂದೇ ಜನ ಬಹುಕಾಲ ನಂಬಿದ್ದರು. ಶವಪರೀಕ್ಷೆ ಹೇಳಿದ್ದು ಬೇರೆ: ಗಡ್ಡೆಯ ಮೂಲ ಮೂಗಿನ ಹಿಂಬದಿಯ ಗಂಟಲು. ಬಾಯಿ ತೆರೆದು ನೋಡಿದರೆ ಕಾಣದ ಮೂಲೆ ಅದು. ಅಲ್ಲಿನ ಗಡ್ಡೆ ತಾನು ಮರೆಯಲ್ಲಿದ್ದುಕೊಂಡು, ಕೊರಳಿನ ಗಂಟನ್ನೋ ಒಂದು ಕಿವಿಯ ಮಂದತೆಯನ್ನೋ ಮುಂದೆ ಕಳುಹಿಸುತ್ತದೆ.

ನಾನು ಕರ್ನಾಟಕದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಕೊರಳಿನ ಗಂಟೆಂದರೆ ಕ್ಷಯದ ಗಂಡಮಾಲೆ ಎಂಬುದೇ ಮೊದಲ ಮಾತು. ಬಹುಪಾಲು ಅದು ಸರಿಯೂ ಆಗುತ್ತಿತ್ತು. ಆದರೆ ಒಬ್ಬ ರೈತ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದ ಮೇಲೆ ನಮ್ಮ ವಾರ್ಡಿಗೆ ಬಂದ. ಗಂಟಿನ ತುಣುಕನ್ನು ಅದುವರೆಗೆ ಯಾರೂ ಪರೀಕ್ಷಿಸಿರಲಿಲ್ಲ. ಅವನ ರೋಗದ ಮೂಲವೂ ಅದೇ ಮೂಲೆ, ಕಾಲ ಮಿಂಚಿತ್ತು. ವೈದ್ಯರು ದಡ್ಡರಾಗಿರಲಿಲ್ಲ. ಸಾಮಾನ್ಯ ರೋಗದ ಹೆಸರು ಬೇಗನೆ ಬಾಯಿಗೆ ಬಂದುದರಿಂದ ಕಣ್ಣು ಮುಂದೆ ಹುಡುಕಲಿಲ್ಲ, ಅಷ್ಟೆ.

ಇಂದು ಮೂಗಿನೊಳಗೆ ಇಳಿಸುವ ಎಂಡೋಸ್ಕೋಪ್ ಇದೆ, ಸ್ಕ್ಯಾನ್ ಇದೆ, ಸೂಜಿ ಪರೀಕ್ಷೆ ಇದೆ. ಆರಂಭದಲ್ಲೇ ಪತ್ತೆಯಾದರೆ ಈ ಕ್ಯಾನ್ಸರ್ ಅನೇಕರಲ್ಲಿ ಗುಣವಾಗುತ್ತದೆ. ಗಂಟು ಕೊರಳೆಲುಬಿನ ಮೇಲಿದ್ದರೆ ಎದೆ, ಹೊಟ್ಟೆಗಳನ್ನೂ ಶೋಧಿಸಬೇಕು.

ಊರಿನಿಂದ ಬಂದ ನಮ್ಮ ತಂದೆತಾಯಂದಿರು ಇಲ್ಲಿನ ಖರ್ಚಿಗೆ ಅಂಜಿ ಇಂತಹ ಗಂಟನ್ನು ಸೆರಗು ಶಾಲುಗಳಲ್ಲಿ ಮುಚ್ಚಿಡುವುದುಂಟು. ಎರಡು ವಾರ ಕಳೆದರೂ ಕರಗದ ಗಂಟಿಗೆ ಊಹೆಯ ಹೆಸರಿಟ್ಟು ಸುಮ್ಮನಾಗಬೇಡಿ, ಪರೀಕ್ಷೆ ಮಾಡಿಸಿ.