ಸಣ್ಣ ತೆರೆದ ಕಾರಿನ ಬದಲಿ ಚಕ್ರವೂ ಸ್ಥಳೀಯ ಕುಶಲಕರ್ಮದ ಇತಿಹಾಸವೂ

ಮೋಟಾರು ವಾಹನಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಎಂಜಿನಿನ ಶಕ್ತಿ, ಕಾರ್ಖಾನೆಯ ಸ್ಥಾಪನೆ, ಸ್ಥಾಪಕರ ಜೀವನ ಎಂಬ ಮೂರು ವಿಷಯಗಳಿಗೆ ಪ್ರಾಧಾನ್ಯವನ್ನಿತ್ತಿದ್ದಾರೆ. ವಾಹನವು ಕಾರ್ಖಾನೆಯ ಬಾಗಿಲನ್ನು ದಾಟಿ ಒಂದು ಸೀಮೆಯ ರಸ್ತೆಗೆ ಇಳಿದ ಮೇಲೆ ಅಲ್ಲಿಯ ಕಮ್ಮಾರ, ಫಿಟ್ಟರ್, ವೆಲ್ಡರುಗಳ ಕೈಯಲ್ಲಿ ಪಡೆದ ರೂಪಾಂತರಗಳು ಈ ಬರವಣಿಗೆಯಲ್ಲಿ ಸ್ಥಾನ ಪಡೆದಿರುವುದು ವಿರಳ. ಅಂಥ ಒಂದು ರೂಪಾಂತರವನ್ನು ಇಲ್ಲಿ ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ. ಅದು ಸಣ್ಣ ತೆರೆದ ಕಾರಿನ ಬೆನ್ನಿಗೆ ಬದಲಿ ಚಕ್ರವನ್ನು ಹೊರಿಸಲು ಪ್ರತ್ಯೇಕವಾಗಿ ಮಾಡಿಸಿ ಜೋಡಿಸುವ ಕಬ್ಬಿಣದ ಚೌಕಟ್ಟು; ಆಡುಮಾತಿನಲ್ಲಿ ಹೇಳುವುದಾದರೆ ಸ್ಟೆಪ್ನಿ ಕ್ಯಾರಿಯರ್. ನಮ್ಮ ದೃಷ್ಟಿಯಲ್ಲಿರುವ ಪ್ರದೇಶ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಇವು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ಇಂಥ ಕ್ಯಾರಿಯರ್ ಒಂದು ಐತಿಹಾಸಿಕ ದಾಖಲೆಯೆಂಬುದು, ಅದನ್ನು ಓದುವ ಕ್ರಮವೊಂದಿದೆಯೆಂಬುದು, ಹಳೆಯ ಕಾರುಗಳನ್ನು ಮೂಲರೂಪಕ್ಕೆ ತರುವ ಉತ್ಸಾಹದಲ್ಲಿ ಆ ದಾಖಲೆ ಅಳಿದುಹೋಗುವ ಸಂಭವವಿದೆಯೆಂಬುದು, ಇವು ನಾವು ಪ್ರತಿಪಾದಿಸಬಯಸುವ ಅಂಶಗಳು.

ಪದದ ಸಾಕ್ಷ್ಯ

ಮೊದಲು ಪದವನ್ನೇ ಗಮನಿಸೋಣ. ಈ ಸೀಮೆಯಲ್ಲಿ ಕನ್ನಡ ಮಾತನಾಡುವವರೂ ತೆಲುಗು ಮಾತನಾಡುವವರೂ ಬದಲಿ ಚಕ್ರವನ್ನು ‘ಸ್ಟೆಪ್ನಿ’ ಎಂದೇ ಕರೆಯುತ್ತಾರೆ. ಇದು ಲಂಡನ್ನಿನ ಸ್ಟೆಪ್ನಿ ಬಡಾವಣೆಯಿಂದ ಬಂದುದಲ್ಲ. ವೇಲ್ಸ್ ದೇಶದ ಲನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದುದು. ಆ ಬೀದಿಯಲ್ಲಿ 1904ರಲ್ಲಿ ಥಾಮಸ್ ಮತ್ತು ವಾಲ್ಟರ್ ಡೇವೀಸ್ ಎಂಬ ಸಹೋದರರು ಅರೆಕಾಲುಗಳಿಲ್ಲದ, ಗಾಳಿ ತುಂಬಿದ ಟೈರು ಹೊದಿಸಿದ ಒಂದು ಬಳೆಯನ್ನು ನಿರ್ಮಿಸಿದರು. ಆ ಕಾಲದ ಕಾರುಗಳ ಚಕ್ರಗಳನ್ನು ಸುಲಭವಾಗಿ ಬಿಚ್ಚುವಂತಿರಲಿಲ್ಲ. ಟೈರು ತೂತಾದರೆ ದಾರಿಯ ಬದಿಯಲ್ಲಿಯೇ ಕುಳಿತು ಅದನ್ನು ಮೀಟಿ ತೆಗೆದು, ಒಳಗಿನ ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕಾಗಿತ್ತು. ಡೇವೀಸ್ ಸಹೋದರರ ಬಳೆಯನ್ನು ಗಾಳಿ ಹೋದ ಚಕ್ರದ ಪಕ್ಕಕ್ಕೆ ಹಿಡಿಕೆಗಳಿಂದ ಬಿಗಿದರೆ ಊರು ಮುಟ್ಟಬಹುದಾಗಿತ್ತು. ಮುಂದೆ ಚಕ್ರವನ್ನೇ ಬಿಚ್ಚಿ ಬದಲಾಯಿಸುವ ಏರ್ಪಾಡು ಬಂದು ಆ ಬಳೆ ಮರೆಯಾಯಿತು. ಆದರೆ ಹೆಸರು ಇಂಗ್ಲೆಂಡಿನಲ್ಲಿ ಅಳಿದು ಭಾರತದಲ್ಲಿ ಉಳಿಯಿತು.

ಕಾರಿನ ಸಾಮಾನು ಪೆಟ್ಟಿಗೆಗೆ ನಾವು ಬಳಸುವ ‘ಡಿಕ್ಕಿ’ ಎಂಬ ಪದವೂ ಇಂಥದೇ. ಹಳೆಯ ತೆರೆದ ಕಾರುಗಳ ಹಿಂಬದಿಯಲ್ಲಿ ಮುಚ್ಚಳ ತೆರೆದರೆ ಹೊರಬರುವ ಹೆಚ್ಚುವರಿ ಆಸನಕ್ಕೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಆಸನ ಹೋಯಿತು, ಹೆಸರು ಪೆಟ್ಟಿಗೆಗೆ ಅಂಟಿತು. ಲಿಖಿತ ದಾಖಲೆ ದೊರೆಯದೆಡೆ ಪದಗಳೇ ಪುರಾತನ ವಸ್ತುಗಳ ಕೆಲಸವನ್ನು ಮಾಡುತ್ತವೆ ಎಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಸೀಮೆಯ ರಸ್ತೆ ಮತ್ತು ಬದಲಿ ಚಕ್ರದ ಅಗತ್ಯ

ಗೌರಿಬಿದನೂರು ಬೆಂಗಳೂರು-ಗುಂತಕಲ್ ರೈಲುದಾರಿಯ ಮೇಲಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕಿರಿದಾದ ಹಳಿಯ ರೈಲು ಬಂದಿತು. ಆದರೆ ರೈಲು ನಿಲ್ದಾಣದಿಂದ ಹಳ್ಳಿಗೆ, ಒಂದು ತಾಲ್ಲೂಕು ಕೇಂದ್ರದಿಂದ ಮತ್ತೊಂದಕ್ಕೆ ಅಡ್ಡಲಾಗಿ ಹೋಗಬೇಕಾದವರಿಗೆ ರಸ್ತೆಯೇ ಗತಿ. ಆ ರಸ್ತೆಯಲ್ಲಿ ಮೋಟಾರಿಗಿಂತ ಎತ್ತಿನ ಗಾಡಿಗಳೇ ಬಹಳ ಕಾಲ ಹೆಚ್ಚಾಗಿದ್ದುವು. ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಒಡೆದು ಚೂಪು ಮಾಡುತ್ತಿತ್ತು. ಎತ್ತುಗಳ ಕಾಲಿನಿಂದ ಕಳಚಿದ ಲಾಳದ ಮೊಳೆಗಳು ದಾರಿಯಲ್ಲಿ ಬೀಳುತ್ತಿದ್ದುವು. ಗಾಳಿ ತುಂಬಿದ ಟೈರಿಗೆ ಇವೆರಡೂ ಶತ್ರುಗಳು. ಒಂದು ಯುಗದ ವಾಹನವು ಮತ್ತೊಂದು ಯುಗದ ವಾಹನದ ದಾರಿಯಲ್ಲಿ ಮೊಳೆ ಚೆಲ್ಲುತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಒಂದು ವೈದೃಶ್ಯವನ್ನು ಸೂಚಿಸಬೇಕು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು 1930ರ ದಶಕದಲ್ಲಿ ಬಹುವಾಗಿ ಶ್ರಮಿಸಿದರು. ಅದನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ಪ್ರಯತ್ನ ಕೈಗೂಡಲಿಲ್ಲ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಕಾರ್ಖಾನೆ ಇಲ್ಲಿಗೆ ಬಾರಲಿಲ್ಲವಾದರೂ ಕುಲುಮೆ ಇದ್ದಿತು. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಮರದ ಚಕ್ರಕ್ಕೆ ತೊಡಿಸಿ, ನೀರು ಹೊಯ್ದು ಬಿಗಿಯುವ ವಿದ್ಯೆ ತಿಳಿದ ಕಮ್ಮಾರನಿಗೆ ಚಕ್ರದ ಸ್ವಭಾವ ಹೊಸದಾಗಿರಲಿಲ್ಲ. ಈ ಸೀಮೆಯ ಮೋಟಾರು ಇತಿಹಾಸವನ್ನು ತಯಾರಿಕೆಯ ಇತಿಹಾಸವಾಗಿ ಅಲ್ಲದೆ ದುರಸ್ತಿಯ ಮತ್ತು ಹೊಂದಾಣಿಕೆಯ ಇತಿಹಾಸವಾಗಿ ಬರೆಯಬೇಕೆಂದು ನಾವು ಹೇಳುವುದು ಈ ಕಾರಣದಿಂದ.

ಬದಲಿ ಚಕ್ರಕ್ಕೆ ಸ್ಥಳವೆಲ್ಲಿ?

ದೊಡ್ಡ ಕಾರುಗಳಲ್ಲಿ ಬದಲಿ ಚಕ್ರವನ್ನು ಪಕ್ಕದ ಪಾದಹಲಗೆಯ ಮೇಲೆ, ಮಡ್‌ಗಾರ್ಡಿನ ತಗ್ಗಿನಲ್ಲಿ ಇಡುತ್ತಿದ್ದರು. ಸಣ್ಣ ಕಾರಿನಲ್ಲಿ ಆ ಅನುಕೂಲವಿಲ್ಲ. ಅದು ತೆರೆದ ಕಾರಾದರೆ ಮಡಿಸಿದ ಹುಡ್ ಹಿಂಭಾಗದ ಜಾಗವನ್ನೂ ಆಕ್ರಮಿಸುತ್ತದೆ. ಉಳಿಯುವುದು ಬೆನ್ನು ಒಂದೇ. ಎಂ.ಜಿ. ಕಂಪನಿಯ ಟಿ ಮಾಲಿಕೆಯ ಕಾರುಗಳಲ್ಲಿ ಚಕ್ರವು ಹಿಂದಿನ ಪೆಟ್ರೋಲು ತೊಟ್ಟಿಗೆ ಒರಗಿ ನಿಂತಿತು. ಅಮೆರಿಕದ ಲಿಂಕನ್ ಕಾಂಟಿನೆಂಟಲ್ 1939ರಲ್ಲಿ ಹಿಂಬದಿಯ ಚಕ್ರವನ್ನು ಅಲಂಕಾರವನ್ನಾಗಿ ಮಾಡಿತು. ಇಂಗ್ಲೆಂಡಿನ ಆಸ್ಟಿನ್ ಕಾರ್ಖಾನೆ ಅಮೆರಿಕದ ನ್ಯಾಶ್ ಕಂಪನಿಗಾಗಿ ತಯಾರಿಸಿದ ಮೆಟ್ರೊಪಾಲಿಟನ್ ಎಂಬ ಸಣ್ಣ ಕಾರಿನಲ್ಲಿಯೂ ಚಕ್ರ ಬೆನ್ನ ಮೇಲೆಯೇ ಇತ್ತು. ಮೊದಲ ವರ್ಷಗಳಲ್ಲಿ ಅದಕ್ಕೆ ಹೊರಗಿನಿಂದ ತೆರೆಯುವ ಡಿಕ್ಕಿಯ ಮುಚ್ಚಳವೇ ಇರಲಿಲ್ಲ. ಸಾಮಾನನ್ನು ಆಸನದ ಬೆನ್ನು ಮಡಿಸಿ ಒಳಗಿನಿಂದ ಇಡಬೇಕಾಗಿತ್ತು.

ಜೀಪಿನ ಉದಾಹರಣೆ ಇನ್ನೂ ಸ್ಪಷ್ಟ. 1941ರ ಸೈನ್ಯದ ವಿಲ್ಲೀಸ್ ಜೀಪಿಗೆ ಹಿಂಬಾಗಿಲು ಇರಲಿಲ್ಲ. ಚಕ್ರ ಬೆನ್ನ ಮೇಲಿತ್ತು. 1945ರ ನಾಗರಿಕ ಮಾದರಿಗೆ ಹಿಂಬಾಗಿಲು ಬಂದೊಡನೆ ಚಕ್ರ ಪಕ್ಕಕ್ಕೆ ಸರಿಯಿತು. 1947ರಿಂದ ಮಹೀಂದ್ರ ಸಂಸ್ಥೆ ಈ ಬಗೆಯ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಚಕ್ರವು ಹಿಂಬಾಗಿಲ ಮೇಲೆಯೇ ನೆಲೆಸಿತು. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ವಿಷಯ ಬೇರೆ. ಪ್ರತ್ಯೇಕ ಚಾಸಿಯುಳ್ಳ ಆ ಕಾರಿನ ಛಾವಣಿ ಬೋಲ್ಟುಗಳಿಂದ ಕೂಡಿಸಿದ ಭಾಗವಾದುದರಿಂದ ಅದನ್ನು ಬಿಚ್ಚಿ ತೆರೆದ ಕಾರಾಗಿ ಮಾರ್ಪಡಿಸುವುದು ಸಾಧ್ಯವಿತ್ತು. ಇಂಥ ಮಾರ್ಪಾಡಿನಲ್ಲಿ ಮಡಿಸಿದ ಹುಡ್ಡಿಗೂ ಸಾಮಾನಿಗೂ ಸ್ಥಳ ಬೇಕೆನಿಸಿದಾಗ ಚಕ್ರವನ್ನು ಹೊರಗೆ ಹಾಕುವ ಪ್ರಶ್ನೆ ಏಳುತ್ತದೆ. ಕಾರ್ಖಾನೆ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಉತ್ತರವನ್ನು ವರ್ಕ್‌ಷಾಪು ಕೊಡಬೇಕು.

ಕ್ಯಾರಿಯರಿನ ರಚನೆ

ಕ್ಯಾರಿಯರ್ ಮಾಡುವವನ ಮುಂದಿನ ಮೊದಲ ಪ್ರಶ್ನೆ, ಭಾರವನ್ನು ಯಾವುದು ಹೊರಬೇಕೆಂಬುದು. ಹೊರಮೈಯ ತಗಡು ಹೊರಲಾರದು, ಚಾಸಿಯೇ ಹೊರಬೇಕು. 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್, ಅಂದರೆ ‘ಬೇಬಿ ಆಸ್ಟಿನ್’, ಈ ತೊಡಕಿಗೆ ಉತ್ತಮ ನಿದರ್ಶನ. ಅದರ ಚಾಸಿ ಹಿಂದಿನ ಆಕ್ಸಲಿಗಿಂತ ಮುಂಚೆಯೇ ಮುಗಿಯುತ್ತದೆ; ಅದರ ತುದಿಗಳಿಂದ ಕಮಾನು ಪಟ್ಟಿಗಳು ಹಿಂದಕ್ಕೆ ಚಾಚಿ ಆಕ್ಸಲನ್ನು ಹಿಡಿಯುತ್ತವೆ. ಆದುದರಿಂದ ಬೆನ್ನ ಮೇಲಿನ ಚಕ್ರದ ಭಾರವೆಲ್ಲ ಕಾರಿನ ಮೈಗೆ ಬೀಳುತ್ತದೆ. ಒರಟು ರಸ್ತೆಯಲ್ಲಿ ಬೋಲ್ಟಿನ ತೂತುಗಳ ಸುತ್ತ ತಗಡು ಬಿರಿಯುವುದು ಇದರ ಸಹಜ ಫಲ. ಒಳಗಿನಿಂದ ಅಗಲವಾದ ಪಟ್ಟಿಯನ್ನಿಟ್ಟು ಭಾರವನ್ನು ಹಂಚುವುದು ಇದಕ್ಕೆ ಪರಿಹಾರ.

ಭಾರದ ಲೆಕ್ಕವನ್ನೂ ನೋಡೋಣ. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ 200 ಸೆಂಟಿಮೀಟರ್ ಅಂತರವುಳ್ಳ ಕಾರಿನಲ್ಲಿ 12 ಕಿಲೋಗ್ರಾಂ ತೂಕದ ಚಕ್ರವನ್ನು ಹಿಂದಿನ ಆಕ್ಸಲಿನಿಂದ 70 ಸೆಂಟಿಮೀಟರ್ ಹಿಂದೆ ತೂಗುಹಾಕಿದೆವೆನ್ನೋಣ. ಸನ್ನೆಯ ನಿಯಮದಂತೆ ಹಿಂದಿನ ಆಕ್ಸಲಿನ ಮೇಲೆ ಬೀಳುವ ಹೆಚ್ಚಿನ ಭಾರ 12 ಕಿಲೋಗ್ರಾಂ ಅಲ್ಲ, 16.2 ಕಿಲೋಗ್ರಾಂ, ಮುಂದಿನ ಆಕ್ಸಲಿನ ಭಾರ 4.2 ಕಿಲೋಗ್ರಾಂನಷ್ಟು ಇಳಿಯುತ್ತದೆ. ಚಕ್ರವನ್ನು ಸಾಧ್ಯವಾದಷ್ಟು ಮುಂದಕ್ಕೆ, ಮೈಗೆ ಹತ್ತಿರವಾಗಿ ಇಡಬೇಕೆಂಬ ಕುಶಲಕರ್ಮಿಯ ನಿಯಮಕ್ಕೆ ಇದೇ ಆಧಾರ.

ಎರಡನೆಯ ಪ್ರಶ್ನೆ ಡಿಕ್ಕಿಯ ಮುಚ್ಚಳ. ಚಕ್ರ ಅಡ್ಡವಾದರೆ ಮುಚ್ಚಳ ತೆರೆಯದು. ಆದುದರಿಂದ ಕ್ಯಾರಿಯರನ್ನು ಒಂದು ಬದಿಯಲ್ಲಿ ಗಟ್ಟಿಯಾದ ಕೀಲಿನ ಮೇಲೆ ಗೇಟಿನಂತೆ ತಿರುಗುವ ಹಾಗೆ ಮಾಡಿ, ಮತ್ತೊಂದು ಬದಿಯಲ್ಲಿ ಚಿಲಕದಿಂದ ಬಿಗಿಯುತ್ತಾರೆ. ಚಿಲಕದ ಬಳಿ ರಬ್ಬರಿನ ತುಂಡನ್ನು ಒತ್ತಾಗಿ ಇಡದಿದ್ದರೆ ಅಲುಗಾಟ ಪ್ರಾರಂಭವಾಗುತ್ತದೆ. ಅಲುಗಾಟದಿಂದ ಕೀಲು ಸವೆದು, ಬೆಸುಗೆ ಬಿರಿಯುತ್ತದೆ. ಚಕ್ರವನ್ನು ಹಿಡಿಯುವ ತಟ್ಟೆಗೆ ಹಳೆಯ ಹಬ್ಬನ್ನೇ ಬಳಸಿಕೊಂಡರೆ ಬೋಲ್ಟುಗಳ ಅಳತೆ ತಾನಾಗಿಯೇ ಹೊಂದುತ್ತದೆ. ನೋಂದಣಿ ಫಲಕ ಮತ್ತು ಹಿಂದಿನ ದೀಪ ಮರೆಯಾಗದಂತೆ ಅವುಗಳಿಗೆ ಬೇರೆ ಸ್ಥಳ ಕಲ್ಪಿಸಬೇಕು. ಚಕ್ರ ಕಳವಾಗದಂತೆ ಬೀಗವೂ ಬೇಕು. ಇಷ್ಟನ್ನೂ ನಕ್ಷೆಯಿಲ್ಲದೆ, ಕಾರಿನ ಮೇಲೆಯೇ ದಾರ ಹಿಡಿದು ಅಳೆದು, ಕೋನಪಟ್ಟಿಯಿಂದಲೂ ಕೊಳವೆಯಿಂದಲೂ ಮಾಡುವವನ ಬುದ್ಧಿಶಕ್ತಿಯನ್ನು ಕಡೆಗಣಿಸಲಾಗದು.

ವಸ್ತುವನ್ನು ಓದುವ ಕ್ರಮ

ಇಂಥ ಕೆಲಸಕ್ಕೆ ರಸೀತಿ, ನಕ್ಷೆ, ಸಹಿಗಳು ದೊರೆಯುವುದು ಅಪರೂಪ. ವಸ್ತುವೇ ತನ್ನ ಕಾಲವನ್ನು ಹೇಳಬೇಕು. ನಾವು ನಾಲ್ಕು ಕುರುಹುಗಳನ್ನು ಸೂಚಿಸುತ್ತೇವೆ. ಮೊದಲನೆಯದು ಜೋಡಣೆಯ ರೀತಿ: ಕಾಯಿಸಿ ಬಡಿದು ರಿವೆಟ್ ಹೊಡೆದುದೋ, ಗ್ಯಾಸ್ ಬೆಸುಗೆಯೋ, ವಿದ್ಯುತ್ ಬೆಸುಗೆಯೋ? ಎರಡನೆಯದು ಬೋಲ್ಟಿನ ಅಳತೆ: ಅಳತೆಗಳನ್ನು ಮೆಟ್ರಿಕ್ ಪದ್ಧತಿಗೆ ತರುವ ಕಾನೂನು ಭಾರತದಲ್ಲಿ 1956ರಲ್ಲಿ ಆಯಿತು, ಮಿಲಿಮೀಟರ್ ಅಳತೆಯ ಬೋಲ್ಟುಗಳೇ ಮೊದಲಿನಿಂದ ಇದ್ದರೆ ಕ್ಯಾರಿಯರ್ ಅದಕ್ಕಿಂತ ಈಚಿನದೆಂದು ಊಹಿಸಬಹುದು. ಆದರೆ ಇಂಚಿನ ಬೋಲ್ಟು ಇದ್ದ ಮಾತ್ರಕ್ಕೆ ಹಳೆಯದೆನ್ನಲಾಗದು. ಗುಜರಿಯ ಬೋಲ್ಟು ಎಷ್ಟು ಕಾಲದ ಮೇಲೆಯೂ ಬಳಕೆಗೆ ಬರಬಹುದು. ಮೂರನೆಯದು ತಟ್ಟೆಯ ತೂತುಗಳು: ಎರಡು ಅಳತೆಯ ತೂತುಗಳಿದ್ದರೆ ಕಾರಿನ ಚಕ್ರಗಳು ನಡುವೆ ಬದಲಾದುವೆಂದು ತಿಳಿಯುತ್ತದೆ. ನಾಲ್ಕನೆಯದು ಬಣ್ಣದ ಪದರಗಳು: ಕ್ಯಾರಿಯರಿನ ಕೆಳಗೆ ಅಡಗಿದ ಕಾರಿನ ಬಣ್ಣವು, ಅದನ್ನು ಕೂಡಿಸಿದಾಗ ಕಾರು ಯಾವ ಬಣ್ಣದ್ದಾಗಿತ್ತೆಂಬುದನ್ನು ಹೇಳುತ್ತದೆ. ಯಾವ ಕುರುಹೂ ಒಂಟಿಯಾಗಿ ನಿರ್ಣಾಯಕವಲ್ಲ. ಎಲ್ಲವೂ ಕೂಡಿದಾಗ ಕಾಲಾನುಕ್ರಮ ಮೂಡುತ್ತದೆ. ಶಾಸನದ ಲಿಪಿಯನ್ನು ನೋಡಿ ಕಾಲ ನಿರ್ಧರಿಸುವವರಿಗೆ ಈ ವಿಧಾನ ಅಪರಿಚಿತವಲ್ಲ.

ಮೂಲರೂಪವೆಂಬ ಭಾವನೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದಿರುವ, ಚಾಸಿ, ಮೈ ಅಥವಾ ಎಂಜಿನಿನಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ವಾಹನವೆಂದು ಪರಿಗಣಿಸಲಾಗುತ್ತದೆ. ನಿಯಮದ ಉದ್ದೇಶ ಸ್ತುತ್ಯವಾದುದೇ. ಬೋಲ್ಟಿನಿಂದ ಕೂಡಿಸಿದ ಕ್ಯಾರಿಯರ್ ಮಾರ್ಪಾಡೆನಿಸುತ್ತದೆಯೇ ಎಂಬುದು ಕಾನೂನು ಬಲ್ಲವರು ನಿರ್ಣಯಿಸಬೇಕಾದ ವಿಷಯ. ನಾವು ಎತ್ತುವುದು ಇತಿಹಾಸದ ಪ್ರಶ್ನೆ. ಮೂಲರೂಪವೆಂದರೆ ಕಾರ್ಖಾನೆಯ ರೂಪ ಮಾತ್ರವೇ ಎಂಬ ಭಾವನೆ ಬಲಗೊಂಡರೆ, ಒಡೆಯರು ಮೊದಲು ಬಿಚ್ಚಿ ಗುಜರಿಗೆ ಹಾಕುವುದು ಇಂಥ ವಸ್ತುಗಳನ್ನೇ.

ಚಿಕ್ಕಬಳ್ಳಾಪುರದ ಸಮೀಪದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ನೋಡಿದವರು ಈ ಮಾತನ್ನು ಸುಲಭವಾಗಿ ಗ್ರಹಿಸಬಲ್ಲರು. ಒಂಬತ್ತನೆಯ ಶತಮಾನದಷ್ಟು ಹಳೆಯ ಮೂಲವುಳ್ಳ ಆ ದೇವಾಲಯಕ್ಕೆ ವಿಜಯನಗರದ ಕಾಲದವರೆಗೂ ಹೊಸ ಭಾಗಗಳು ಸೇರುತ್ತ ಬಂದುವು. ಮೊದಲ ರೂಪವನ್ನು ಕಾಣಬೇಕೆಂದು ವಿಜಯನಗರದ ಮಂಟಪವನ್ನು ಕೀಳಿಸಬೇಕೆಂದು ಯಾವ ಇತಿಹಾಸಕಾರನೂ ಹೇಳನು. ಸೇರ್ಪಡೆಯೂ ಇತಿಹಾಸವೇ. ದೇವಾಲಯಕ್ಕೂ ಕಾರಿಗೂ ಮಹತ್ತ್ವದಲ್ಲಿ ಸಾಮ್ಯವಿಲ್ಲ. ವಿಧಾನದಲ್ಲಿ ಮಾತ್ರ ಸಾಮ್ಯವಿದೆ.

ಬದಲಿ ಚಕ್ರದ ಕಾಲವೂ ಮುಗಿಯುವ ಸೂಚನೆಗಳಿವೆ. 2020ರ ನಿಯಮ ತಿದ್ದುಪಡಿಯ ಪ್ರಕಾರ, ಟ್ಯೂಬಿಲ್ಲದ ಟೈರು, ದುರಸ್ತಿಯ ಸಲಕರಣೆ ಮತ್ತು ಗಾಳಿಯ ಒತ್ತಡವನ್ನು ತೋರಿಸುವ ವ್ಯವಸ್ಥೆಯುಳ್ಳ ಕಾರುಗಳಿಗೆ ಬದಲಿ ಚಕ್ರ ಕಡ್ಡಾಯವಲ್ಲ. ಆ ವಸ್ತು ಹೋದ ಮೇಲೆ ಅದನ್ನು ಹೊರಲು ಕಬ್ಬಿಣ ಬಗ್ಗಿಸಿದವರ ನೆನಪೂ ಉಳಿಯಲಾರದು.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಸೂಚನೆಯಿದೆ. ತಮ್ಮ ಊರಿನ ಹಳೆಯ ಜೀಪು, ಕಾರುಗಳ ಹಿಂಬದಿಯನ್ನು ಪರೀಕ್ಷಿಸಿ, ಕ್ಯಾರಿಯರಿನ ಅಳತೆ, ಜೋಡಣೆ, ಬೋಲ್ಟು, ಬಣ್ಣಗಳನ್ನು ಬರೆದಿಟ್ಟುಕೊಳ್ಳಬೇಕು. ಒಡೆಯನ ಅನುಮತಿಯಿಂದ ಛಾಯಾಚಿತ್ರ ತೆಗೆಯಬೇಕು. ಮಾಡಿದವನು ಬದುಕಿದ್ದರೆ ಅವನ ಮಾತನ್ನು ಅವನ ನುಡಿಯಲ್ಲಿಯೇ ದಾಖಲಿಸಬೇಕು. ಬಿಚ್ಚಲೇಬೇಕಾದರೆ ಬಿಚ್ಚುವ ಮುನ್ನ ಈ ಕೆಲಸ ಆಗಲಿ. ವೇಲ್ಸಿನ ಬೀದಿಯೊಂದರ ಹೆಸರನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಕಾಪಾಡಿಕೊಂಡು ಬಂದಿರುವ ನಾವು, ನಮ್ಮ ಬೀದಿಯ ಫಿಟ್ಟರನ ಹೆಸರನ್ನು ಬರೆದಿಡದೆ ಹೋದರೆ ಅದು ನಮ್ಮ ವಿದ್ವತ್ತಿನ ಕೊರತೆಯೇ ಹೊರತು ಅವನ ಕುಶಲತೆಯ ಕೊರತೆಯಲ್ಲ.