ಸುರತ್ಕಲ್ ಸೀಮೆಯ ಹಳೆಯ ಅಚ್ಚು: ಪತ್ರಿಕೆ ಮತ್ತು ಮೊದಲ ಮುದ್ರಣಗಳ ಸಂಗ್ರಹದ ಚರಿತ್ರೆ

ದಕ್ಷಿಣ ಕನ್ನಡದ ಕರಾವಳಿಯಲ್ಲಿ ಹಳೆಯ ಪತ್ರಿಕೆಗಳನ್ನೂ ಪುಸ್ತಕಗಳ ಮೊದಲ ಮುದ್ರಣಗಳನ್ನೂ ಕೂಡಿಡುವ ರೂಢಿ ಸಿರಿವಂತರ ಹವ್ಯಾಸವಾಗಿ ಹುಟ್ಟಿದ್ದಲ್ಲ. ಓದುವುದಕ್ಕೆ, ಹಾಡುವುದಕ್ಕೆ, ಪಾಠ ಹೇಳುವುದಕ್ಕೆ, ನಿಘಂಟು ಕಟ್ಟುವುದಕ್ಕೆ ಬೇಕಾದವರು ಉಳಿಸಿಕೊಂಡದ್ದೇ ಇಲ್ಲಿ ಸಂಗ್ರಹವಾಯಿತು. ಸುರತ್ಕಲ್ ಈ ಚರಿತ್ರೆಯ ನಡುದಾರಿಯಲ್ಲಿದೆ. ತೆಂಕಕ್ಕೆ ಸುಮಾರು 15 ಕಿ.ಮೀ. ಹೋದರೆ ಬಾಸೆಲ್ ಮಿಶನ್ ಅಚ್ಚುಕೂಟವಿದ್ದ ಮಂಗಳೂರಿನ ಬಲ್ಮಠ. ಬಡಗಕ್ಕೆ ಪಾವಂಜೆ, ಮೂಲ್ಕಿ ದಾಟಿ ಸಾಗಿದರೆ ಯಕ್ಷಗಾನ ಪ್ರಸಂಗಗಳನ್ನು ರಾಶಿರಾಶಿಯಾಗಿ ಅಚ್ಚು ಹಾಕಿಸಿದ ಉಡುಪಿ. ಈ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ, ಕಪಾಟಿನಲ್ಲಿ ಹಳೆಯ ಅಚ್ಚು ಸಿಕ್ಕಿದರೆ ಅದು ಹೆಚ್ಚಾಗಿ ಈ ಎರಡು ದಿಕ್ಕುಗಳಿಂದ ಬಂದದ್ದೇ.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರು ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಅಲ್ಲಿಂದ ಹೆರ್ಮನ್ ಮೋಗ್ಲಿಂಗ್ ಸಂಪಾದಿಸಿದ ‘ಮಂಗಳೂರ ಸಮಾಚಾರ’ ಹೊರಬಿತ್ತು. ಕನ್ನಡದ ಮೊದಲ ಪತ್ರಿಕೆ ಅದು. ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುವುದು ಆ ದಿನದ ನೆನಪಿಗೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆ ಮಂಗಳೂರಿನಲ್ಲಿ ಬಾಳಿದ್ದು ಒಂದು ವರ್ಷಕ್ಕೂ ಕಡಿಮೆ. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡಿತು. ಓದಿ ಎಸೆಯುವ ತೆಳು ಹಾಳೆ ಅದು. ಅಂಥ ಹಾಳೆಯನ್ನು ತಮ್ಮ ಕೆಲಸದ ದಾಖಲೆಯೆಂದು ಕಾದಿಟ್ಟವರು ಮಿಶನ್ನಿನವರೇ. ಇಲ್ಲಿ ಅಚ್ಚಾದುದರ ಪ್ರತಿಗಳನ್ನು ಅವರು ಬಾಸೆಲಿಗೆ ಕಳಿಸುತ್ತಿದ್ದರು. ಕನ್ನಡ ಪತ್ರಿಕಾರಂಗದ ಆರಂಭದ ಕುರುಹನ್ನು ಹುಡುಕಿ ಕನ್ನಡ ಸಂಶೋಧಕರು ಯುರೋಪಿನ ಭಂಡಾರಗಳತ್ತ ನೋಡಬೇಕಾಗಿ ಬಂದದ್ದು ಇದರಿಂದಾಗಿಯೇ.

ಮೋಗ್ಲಿಂಗ್ 1848ರಿಂದ 1851ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ತಂದರು. ಮದ್ರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅದಕ್ಕೆ ಹಣ ಕೊಟ್ಟರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಈ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಬಂದವು. ಕಲ್ಲಚ್ಚೆಂದರೆ ಮೊಳೆಗಳನ್ನು ಜೋಡಿಸಿ ಒತ್ತಿದ್ದಲ್ಲ; ಬರಹಗಾರನೊಬ್ಬ ಕೈಯಿಂದ ಬರೆದ ಪುಟವೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿದದ್ದು. ಓಲೆಗರಿಯ ಕಾಲ ಮುಗಿದು ಅಚ್ಚಿನ ಕಾಲ ಕಾಲಿಡುವ ಹೊಸ್ತಿಲಿನಲ್ಲಿ ನಿಂತ ಪುಸ್ತಕಗಳು ಇವು. ಹೆಸರಿಲ್ಲದ ಆ ಲಿಪಿಕಾರರ ಅಕ್ಷರ ಇಂದಿಗೂ ಅಲ್ಲಿ ಓದಸಿಗುತ್ತದೆ. ಕನ್ನಡದ ಸಂಗ್ರಾಹಕನೊಬ್ಬ ಕೈಯಲ್ಲಿ ಹಿಡಿಯಬಹುದಾದ ವಸ್ತುಗಳಲ್ಲಿ ಇದಕ್ಕಿಂತ ಬೆಲೆಬಾಳುವುದು ಕಡಿಮೆ. ಮುಂದೆ ಅದೇ ಅಚ್ಚುಕೂಟ ಮೆನ್ನರ್ ಅವರ ತುಳು ನಿಘಂಟನ್ನು 1886ರಲ್ಲಿಯೂ ಕಿಟ್ಟೆಲರ ಕನ್ನಡ ಇಂಗ್ಲಿಷ್ ನಿಘಂಟನ್ನು 1894ರಲ್ಲಿಯೂ ಹೊರತಂದಿತು. ಕಿಟ್ಟೆಲ್ ಕೋಶದ ಮೊದಲ ಮುದ್ರಣ ತಮ್ಮಲ್ಲಿದೆ ಎಂದುಕೊಂಡವರು ಕಾಗದವನ್ನು ಮುಟ್ಟಿ ನೋಡಬೇಕು. ಬಹಳ ಕಾಲದ ಮೇಲೆ ಬಂದ ಫೋಟೊ ಮರುಮುದ್ರಣಗಳಲ್ಲಿಯೂ 1894ರ ಮುಖಪುಟವೇ ಅಚ್ಚಾಗಿದೆ.

ಪುಸ್ತಕಗಳನ್ನು ಉಳಿಸುವುದರಲ್ಲಿ ಕಾನೂನಿನ ಕೈಯೂ ಇತ್ತು. 1867ರ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ಪ್ರತಿ ಪುಸ್ತಕದಲ್ಲಿಯೂ ಮುದ್ರಕರ, ಪ್ರಕಾಶಕರ ಹೆಸರು ಮತ್ತು ಊರು ಇರಲೇಬೇಕೆಂದು ವಿಧಿಸಿತು. ಸರ್ಕಾರಕ್ಕೆ ಪ್ರತಿ ಒಪ್ಪಿಸಬೇಕೆಂದೂ ಹೇಳಿತು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದರಿಂದ ಇಲ್ಲಿಯ ಪುಸ್ತಕಗಳು ಮದ್ರಾಸಿನ ಪಟ್ಟಿಯಲ್ಲಿ ದಾಖಲಾಗುತ್ತಿದ್ದವು, ಮೈಸೂರಿನದರಲ್ಲಲ್ಲ. ಮಂಗಳೂರು, ಉಡುಪಿಯಲ್ಲಿ ಅಚ್ಚಾದ ಹಳೆಯ ಪುಸ್ತಕದ ಜಾಡು ಹಿಡಿಯುವವರು ಚೆನ್ನೈಗೆ, ಇಲ್ಲವೇ ಲಂಡನ್ನಿಗೆ ಬರೆಯಬೇಕಾಗಿ ಬರುವುದು ಈ ಕಾರಣಕ್ಕೆ. ಆಡಳಿತದ ಗಡಿ ಎಲ್ಲಿತ್ತೆಂಬುದರ ಮೇಲೆ ಪುಸ್ತಕ ಎಲ್ಲಿ ಉಳಿಯಿತೆಂಬುದೂ ನಿಂತಿದೆ.

ಮಿಶನ್ನಿನ ಹೊರಗೆ ಅಚ್ಚಿನ ಕೆಲಸ ಹಬ್ಬಿದ ಮೇಲೆ ಮಾಸಪತ್ರಿಕೆಗಳ ಕಾಲ ಬಂತು. 1900ರಲ್ಲಿ ಬೆನಗಲ್ ರಾಮರಾವ್ ಮಂಗಳೂರಿನಿಂದ ‘ಸುವಾಸಿನಿ’ಯನ್ನು ಹೊರಡಿಸಿದರು. ಹೊಸಗನ್ನಡ ಸಣ್ಣಕಥೆಯ ಮೊದಮೊದಲ ಮಾದರಿಗಳೆಂದು ಎಣಿಸಲಾಗುವ ಪಂಜೆ ಮಂಗೇಶರಾಯರ ಬರಹಗಳು ಅದರಲ್ಲಿ ಬಂದವು. ಕನ್ನಡದ ಮೊದಲ ಮುದ್ರಣಗಳನ್ನು ಅರಸುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಇಂಗ್ಲೆಂಡು, ಅಮೆರಿಕೆಗಳಲ್ಲಿ ಮೊದಲ ಮುದ್ರಣವೆಂದರೆ ರಟ್ಟಿನ ಬೈಂಡು, ಹರಿಯದ ಹೊರಹೊದಿಕೆ ಇರುವ ಪುಸ್ತಕ. ಕರಾವಳಿಯ ಕನ್ನಡ ಬರಹದ ನಿಜವಾದ ಮೊದಲ ರೂಪ ಇರುವುದು ಮಾಸಪತ್ರಿಕೆಯ ಸಂಚಿಕೆಯಲ್ಲಿ, ನಾಲ್ಕಾಣೆಯ ಕಿರುಹೊತ್ತಗೆಯಲ್ಲಿ. ಪುಸ್ತಕರೂಪ ಬರುವುದು ಹಲವು ವರ್ಷಗಳ ಮೇಲೆ. ಕೆಲವಕ್ಕೆ ಬಂದೇ ಇಲ್ಲ.

ಮುದ್ದಣನ ಕೃತಿಗಳೇ ಇದಕ್ಕೆ ದೊಡ್ಡ ಸಾಕ್ಷಿ. ಮುದ್ದಣನೆಂದು ಹೆಸರಾದ ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಮೂರನ್ನೂ ಅವರು ಹಳೆಯ ಪ್ರತಿಗಳೆಂಬಂತೆ ಮೈಸೂರಿಗೆ ಕಳಿಸಿದರು. ಹಳಗನ್ನಡ ಕಾವ್ಯಗಳನ್ನು ಪ್ರಕಟಿಸುತ್ತಿದ್ದ ಅಲ್ಲಿನ ಪತ್ರಿಕೆಗಳು ಅವನ್ನು ಹಾಗೆಯೇ ಅಚ್ಚು ಹಾಕಿದವು. ಕರ್ತೃ ತಮ್ಮ ಕಾಲದವರೇ ಎಂದು ಎಲ್ಲರಿಗೂ ತಿಳಿಯುವಷ್ಟರಲ್ಲಿ ಕ್ಷಯ ಅವರನ್ನು ಕೊಂಡೊಯ್ದಿತ್ತು. ಇದೇ ಹೊತ್ತಿನಲ್ಲಿ ಲಂಡನ್ನಿನಲ್ಲಿ ಥಾಮಸ್ ಜೆ. ವೈಸ್ ಎಂಬ ಹೆಸರಾಂತ ಸಂಗ್ರಾಹಕ ಪ್ರಸಿದ್ಧ ಕವಿಗಳ ಕಿರುಹೊತ್ತಗೆಗಳಿಗೆ ಸುಳ್ಳು ಇಸವಿ ಹಾಕಿ, ಅವೇ ಮೊದಲ ಮುದ್ರಣವೆಂದು ಮಾರುತ್ತಿದ್ದ. 1934ರಲ್ಲಿ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲ್ಲಾರ್ಡ್ ಕಾಗದವನ್ನು ಪರೀಕ್ಷಿಸಿ ಆ ಮೋಸವನ್ನು ಬಯಲಿಗೆಳೆದರು. 1847ರದೆಂದು ಹೇಳಿದ ಹೊತ್ತಗೆಯ ಕಾಗದದಲ್ಲಿ ಆ ಕಾಲಕ್ಕೆ ಬಳಕೆಗೇ ಬಂದಿರದ ಮರದ ತಿರುಳಿತ್ತು. ಇಬ್ಬರೂ ಹೊಸದನ್ನು ಹಳೆಯದೆಂದು ಹೇಳಿದವರೇ. ಆದರೆ ಒಬ್ಬ ಬೆಲೆ ಏರಿಸಲು ಹೇಳಿದ; ಇನ್ನೊಬ್ಬರು ತಮ್ಮ ಹೆಸರನ್ನೇ ಅಳಿಸಿಕೊಂಡು ಹೇಳಿದರು. ಮುದ್ದಣನ ಕೃತಿಗಳ ಆ ಮೊದಲ ಪ್ರಕಟಣೆ ಕರ್ತೃವಿನ ಸಂಕೋಚಕ್ಕೂ ದಾಖಲೆ.

ತುಳುವಿನ ಮೊದಲ ಮುದ್ರಣಗಳು ಇನ್ನೂ ಅಪರೂಪ. 1928ರಲ್ಲಿ ಎಸ್.ಯು. ಪಣಿಯಾಡಿಯವರು ಉಡುಪಿಯಲ್ಲಿ ತುಳು ಮಹಾಸಭೆ ಕಟ್ಟಿದರು; ತುಳು ಸಾಹಿತ್ಯ ಮಾಲೆ ಅದರ ಬೆನ್ನಿಗೆ ಬಂತು. ಪೊಳಲಿ ಶೀನಪ್ಪ ಹೆಗ್ಡೆ, ಎನ್.ಎಸ್. ಕಿಲ್ಲೆ, ಎಂ.ವಿ. ಹೆಗ್ಡೆ ಮೊದಲಾದವರು ಕನ್ನಡ ಲಿಪಿಯಲ್ಲಿ ತುಳು ಬರೆದು ಅಚ್ಚು ಹಾಕಿಸಿದರು. 1936ರಲ್ಲಿ ಪಣಿಯಾಡಿಯವರ ‘ಸತಿ ಕಮಲೆ’ ಕಾದಂಬರಿ ಬಂತು. ಹೆಚ್ಚಿನವು ಕೆಲವೇ ಪುಟಗಳ ತೆಳು ಹೊತ್ತಗೆಗಳು, ಕಪಾಟಿನಲ್ಲಿ ಬೆನ್ನು ತೋರಿಸಿ ನಿಲ್ಲುವಷ್ಟೂ ದಪ್ಪವಿಲ್ಲದವು. ಹಾಗಾಗಿ ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡವು ಉಳಿದವು. ಬಿಡಿಯಾಗಿದ್ದವು ರದ್ದಿಗೆ ಹೋದವು.

ಸುರತ್ಕಲ್ಲಿಗೆ ಎಲ್ಲಕ್ಕಿಂತ ಹತ್ತಿರದ ಅಚ್ಚು ಯಕ್ಷಗಾನ ಪ್ರಸಂಗಗಳದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಡುಪಿಯ ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯದ ಮೂಲಕ ಪ್ರಸಂಗಗಳನ್ನು ಅಗ್ಗದ ಬೆಲೆಗೆ ಮನೆಮನೆಗೆ ಮುಟ್ಟಿಸಿದ ಪ್ರಕಾಶಕರು ಪಾವಂಜೆ ಗುರುರಾವ್. ಅವರ ಮನೆತನದ ಹೆಸರಿನಲ್ಲಿರುವ ಪಾವಂಜೆ ಸುರತ್ಕಲ್ಲಿನಿಂದ ಕೆಲವೇ ಮೈಲಿ ದೂರದ ಊರು. ಈ ಹೊತ್ತಗೆಗಳು ಓದಲೆಂದು ಮಾತ್ರ ಆದವಲ್ಲ. ಭಾಗವತರು ಅವನ್ನು ಜಾಗಟೆ, ತಾಳಗಳ ಜೊತೆಗೆ ಇಟ್ಟುಕೊಂಡರು. ಏಳೆಂಟು ಪ್ರಸಂಗಗಳನ್ನು ಒಟ್ಟಿಗೆ ಹೊಲಿಸಿ ಒಂದು ಕಟ್ಟು ಮಾಡಿದರು. ಹಾಡದ ಪದ್ಯಗಳಿಗೆ ಗೀಟು ಹಾಕಿದರು. ಅಂಚಿನಲ್ಲಿ ರಾಗ, ತಾಳ ಬರೆದುಕೊಂಡರು. ಸುರತ್ಕಲ್ ಮೇಳ ಡೇರೆ ಕಟ್ಟಿ ಟಿಕೆಟಿನ ಆಟ ಆಡುತ್ತಿದ್ದ ಕಾಲಕ್ಕೆ ಪ್ರಸಂಗದ ಹೊತ್ತಗೆಗಳ ಜೊತೆಗೆ ಆಟದ ಕರಪತ್ರಗಳೂ ಊರಿಡೀ ಹಂಚಿಕೆಯಾದವು. ಆ ಮೇಳದಲ್ಲಿ ಮೆರೆದ ಅಗರಿ ಶ್ರೀನಿವಾಸ ಭಾಗವತರು ಹಾಡುಗಾರರಷ್ಟೇ ಅಲ್ಲ, ಪ್ರಸಂಗಕರ್ತರೂ ಹೌದು. ಪಾಶ್ಚಾತ್ಯ ಸಂಗ್ರಾಹಕನಿಗೆ ಗೀಟು ಬಿದ್ದ ಪುಸ್ತಕ ಕುಂದು. ಪ್ರಸಂಗದ ವಿಷಯದಲ್ಲಿ ಆ ಅಳತೆ ತಲೆಕೆಳಗು. ಭಾಗವತರ ಕೈಬರಹವಿರುವ ಹರಕು ಪ್ರತಿ ಯಾರೂ ಮುಟ್ಟದ ಹೊಸ ಪ್ರತಿಗಿಂತ ಹೆಚ್ಚು ಹೇಳುತ್ತದೆ. ಒಂದು ಆಟ ಒಂದು ಕಾಲದಲ್ಲಿ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಅದೇ ಆಧಾರ.

ಸ್ವಾತಂತ್ರ್ಯದ ಹೊತ್ತಿಗೆ ಮತ್ತು ಅದರ ನಂತರ ಚಂದಾದಾರರ ಮನೆಗಳು ಸಂಗ್ರಹದ ತಾಣಗಳಾದವು. ಕಿನ್ನಿಗೋಳಿಯಿಂದ ‘ಯುಗಪುರುಷ’ 1947ರಿಂದ ಬಂತು. ಹೊರಗಿನಿಂದ ‘ಕೊರವಂಜಿ’, ‘ಚಂದಮಾಮ’, ‘ಕಸ್ತೂರಿ’, ‘ಸುಧಾ’ ಬಂದವು. ಮಣಿಪಾಲದಿಂದ 1970ರಲ್ಲಿ ‘ಉದಯವಾಣಿ’, 1973ರಲ್ಲಿ ‘ತುಷಾರ’, 1983ರಲ್ಲಿ ‘ತರಂಗ’ ಸೇರಿಕೊಂಡವು. ಧಾರಾವಾಹಿಯ ಪುಟಗಳನ್ನು ವಾರವಾರವೂ ಬಿಡಿಸಿ, ಕಾದಂಬರಿ ಮುಗಿದ ಮೇಲೆ ಬೈಂಡು ಮಾಡಿಸುವುದು ಮನೆಯ ಹೆಂಗಸರ ಅಚ್ಚುಕಟ್ಟಾದ ಕೆಲಸವಾಗಿತ್ತು. ಪೂರ್ತಿ ಸಂಚಿಕೆ ಬೇಕೆನ್ನುವವರಿಗೆ ಇದು ನಷ್ಟ. ಆದರೂ ಚಿತ್ರ ಸಹಿತವಾದ ಧಾರಾವಾಹಿಯ ಮೊದಲ ರೂಪ ಎಷ್ಟೋ ಕಡೆ ಉಳಿದದ್ದು ಆ ಕತ್ತರಿಯಿಂದಲೇ, ಪುಸ್ತಕದ ಅಂಗಡಿಗೆ ಹೋಗಿಬರುವ ಅನುಕೂಲವಿಲ್ಲದ ಓದುಗರ ಪ್ರೀತಿಯಿಂದ. ಆ ಕಟ್ಟುಗಳನ್ನು ಕಡೆಗಣಿಸುವ ಸಂಗ್ರಾಹಕರು ತಪ್ಪು ಮಾಡುತ್ತಾರೆ.

ಪಂಡಿತರ ಸಂಗ್ರಹಗಳಲ್ಲಿ ಮಂಜೇಶ್ವರದ ಗೋವಿಂದ ಪೈಗಳದು (1883–1963) ಹಿರಿದು. ಹಲವು ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಅವರು ಮನೆಗೆ ತರಿಸಿಕೊಂಡು ಓದಿದರು. ಅವರ ಗ್ರಂಥಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿತು. ಅಲ್ಲಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದಲೇ ಮುಂದೆ ಆರು ಸಂಪುಟಗಳ ತುಳು ನಿಘಂಟು ಹೊರಬಂತು. ಮಂಗಳೂರಿನಲ್ಲಿ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ಮಿಶನ್ ಕಾಲದ ಮುದ್ರಣಗಳನ್ನು ಕಾಯ್ದುಕೊಂಡಿದೆ. ಗ್ರಂಥಪಾಲಕ ವೃತ್ತಿಯಿಂದ ಬಂದ ಶ್ರೀನಿವಾಸ ಹಾವನೂರರು ‘ಹೊಸಗನ್ನಡದ ಅರುಣೋದಯ’ (1974) ಬರೆದು ಹತ್ತೊಂಬತ್ತನೆಯ ಶತಮಾನದ ಹಳೆಯ ಹಾಳೆಗಳಿಗೆ ಚರಿತ್ರೆಯ ಆಧಾರಗಳೆಂಬ ಮನ್ನಣೆ ತಂದರು. ಸುರತ್ಕಲ್ಲಿಗೆ 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು, 1967ರಲ್ಲಿ ಗೋವಿಂದ ದಾಸ ಕಾಲೇಜು ಬಂದವು. ಅಧ್ಯಾಪಕರ, ವಿದ್ಯಾರ್ಥಿಗಳ ಓದು ಊರಿಗೆ ಕಾಲಿಟ್ಟಿತು. ಅದೇ ಕಾಲದಲ್ಲಿ ನವಮಂಗಳೂರು ಬಂದರಿಗಾಗಿ ಪಣಂಬೂರಿನ ಕಡೆಯ ಕುಟುಂಬಗಳು ಮನೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದತ್ತ ಬರಬೇಕಾಯಿತು. ಮನೆ ಬಿಡುವವರ ಗಾಡಿಯಲ್ಲಿ ಹಳೆಯ ಕಾಗದಕ್ಕೆ ಜಾಗ ಸಿಗುವುದು ಕಷ್ಟ.

ಕರಾವಳಿಯ ಹವೆಯೂ ಕಾಗದಕ್ಕೆ ಒಗ್ಗುವಂಥದ್ದಲ್ಲ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಉಪ್ಪುಗಾಳಿ, ಒರಲೆ ಮೂರೂ ಸೇರಿದರೆ ರಟ್ಟಿಗೆ ಬೂಸ್ಟು ಹಿಡಿಯುತ್ತದೆ, ಪಿನ್ನಿಗೆ ತುಕ್ಕು ಬಂದು ನಡುಪುಟ ಕಳಚುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿರುವ ಆಮ್ಲ ಅದನ್ನು ಹಳದಿಯಾಗಿಸಿ, ಮುಟ್ಟಿದರೆ ಮುರಿಯುವಂತೆ ಮಾಡುತ್ತದೆ. ಚಿಂದಿಬಟ್ಟೆಯ ನಾರಿನಿಂದ ಮಾಡಿದ ಹಳೆಯ ಕಾಗದ ಇದಕ್ಕಿಂತ ಗಟ್ಟಿ. 1850ರ ಪುಸ್ತಕ 1950ರ ಪತ್ರಿಕೆಗಿಂತ ಚೆನ್ನಾಗಿ ಉಳಿದಿರುವುದು ವಿಚಿತ್ರವೇನಲ್ಲ. ತುಕ್ಕು ಹಿಡಿದ ಪಿನ್ನು ತೆಗೆದು ನೂಲಿನಿಂದ ಹೊಲಿಯುವುದು, ಗೋಡೆಗೆ ತಾಗದಂತೆ ಇಡುವುದು, ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಯಾಡಿಸುವುದು ಸಂಗ್ರಾಹಕರ ವಾಡಿಕೆ.

ಮುದ್ರಣವನ್ನು ಗುರುತಿಸಲು ಮುಖಪುಟದ ಹಿಂಬದಿಯ ‘ಮೊದಲನೆಯ ಮುದ್ರಣ’, ಪ್ರತಿಗಳ ಸಂಖ್ಯೆ, ಮುದ್ರಣಾಲಯದ ಹೆಸರು ನೆರವಾಗುತ್ತವೆ. ಇಸವಿ ಇಲ್ಲದಿದ್ದರೆ ಬೆಲೆ ನೋಡಬೇಕು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದದ್ದರಿಂದ, ಆಣೆಯಲ್ಲಿ ಬೆಲೆ ಹೇಳುವ ಪುಸ್ತಕ ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ಇನ್ನು ಲೇಖಕರ ರುಜು. ಭಾರತದ ಹಲವು ಭಾಷೆಗಳ ಹಳೆಯ ಪುಸ್ತಕಗಳಲ್ಲಿ ಕಳ್ಳ ಮುದ್ರಣ ತಡೆಯಲು ಕರ್ತೃವೇ ಪ್ರತಿಗಳಿಗೆ ರುಜು ಇಲ್ಲವೇ ಮುದ್ರೆ ಹಾಕುತ್ತಿದ್ದುದುಂಟು. ಅಂಥ ರುಜು ಇದ್ದ ಮಾತ್ರಕ್ಕೆ ಪ್ರತಿ ಅಪರೂಪದ್ದಾಗದು. ಗೆಳೆಯರಿಗೆ, ಗುರುಗಳಿಗೆ, ಶಾಲೆಗಳಿಗೆ ಹೆಸರು ಬರೆದು ಕೊಟ್ಟ ಪ್ರತಿಯ ಮಾತು ಬೇರೆ. ಕೊಟ್ಟವರು, ಪಡೆದವರು, ತಾರೀಖು ಮೂರೂ ಇರುವ ಒಂದು ಸಾಲು ಸಾಹಿತ್ಯ ಚರಿತ್ರೆಯಲ್ಲಿ ಬೇರೆಲ್ಲೂ ದಾಖಲಾಗದ ನಂಟನ್ನು ತೋರಿಸಬಲ್ಲದು.

ಇಂಥ ಪುಸ್ತಕಗಳ ಮಾರುಕಟ್ಟೆ ಕರಾವಳಿಯಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಮಂಗಳೂರಿನ ಅತ್ರಿ ಬುಕ್ ಸೆಂಟರ್ 1975ರಿಂದ 2012ರವರೆಗೆ ಓದುಗರನ್ನು ಬೆಳೆಸಿತು, ಆದರೆ ಅದು ಹೊಸ ಪುಸ್ತಕಗಳ ಮಳಿಗೆ. ಹಳೆಯವನ್ನು ಅರಸುವವರಿಗೆ ಇದ್ದದ್ದು ಗುಜರಿ ಅಂಗಡಿ, ಇಲ್ಲವೇ ಬೆಂಗಳೂರಿನ ಅವೆನ್ಯೂ ರಸ್ತೆ ಮತ್ತು 1945ರಲ್ಲಿ ಶುರುವಾದ ಸೆಲೆಕ್ಟ್ ಬುಕ್‌ಶಾಪ್. ಗುಜರಿಯಲ್ಲಿ ಬೆಲೆ ಕಟ್ಟುವುದು ತೂಕದ ಮೇಲೆ. ಕರಾವಳಿಯ ಸಂಗ್ರಾಹಕರು ಮಾರುವವರಿಗಿಂತ ಹೆಚ್ಚಾಗಿ ಮನೆ ಒಡೆಯುವವರನ್ನು, ನಿವೃತ್ತ ಮೇಷ್ಟ್ರುಗಳನ್ನು, ಮೇಳ ಬಿಟ್ಟ ಕಲಾವಿದರನ್ನು ಕಾಣಲು ಹೋಗುವುದು ಇದರಿಂದ.

ಈಚಿನ ವರ್ಷಗಳಲ್ಲಿ ಸ್ಕ್ಯಾನಿಂಗ್ ಬಂದಿದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಜಾಲತಾಣದಲ್ಲಿ ಮಲಯಾಳದ ಜೊತೆಗೆ ಬಾಸೆಲ್ ಮಿಶನ್ನಿನ ಕನ್ನಡ, ತುಳು ಮುದ್ರಣಗಳೂ ಎಲ್ಲರಿಗೂ ಸಿಗುತ್ತವೆ. ಯಕ್ಷಗಾನದ ಆಸಕ್ತರು ಹಳೆಯ ಪ್ರಸಂಗ ಪ್ರತಿಗಳನ್ನು ಒಟ್ಟುಗೂಡಿಸಿ ಅಂತರಜಾಲಕ್ಕೆ ಏರಿಸುತ್ತಿದ್ದಾರೆ. ಸ್ಕ್ಯಾನ್ ಆದ ಪ್ರತಿ ಪಠ್ಯವನ್ನು ಉಳಿಸುತ್ತದೆ. ಕಾಗದದ ಜಾತಿ, ಹೊಲಿಗೆ, ಗ್ರಂಥಾಲಯಗಳು ಬೈಂಡು ಮಾಡಿಸುವಾಗ ಕಿತ್ತೆಸೆದ ಹೊರಪುಟ ಮತ್ತು ಜಾಹೀರಾತಿನ ಹಾಳೆಗಳು ಬೇಕಾದಾಗ ಮೂಲ ಪ್ರತಿಯೇ ಬೇಕು. ಹೊರಪುಟ ಸಹಿತ ಉಳಿದ ಬಿಡಿ ಸಂಚಿಕೆಗೆ ಬೈಂಡು ಮಾಡಿದ ಸಂಪುಟಕ್ಕಿಂತ ಹೆಚ್ಚಿನ ಬೇಡಿಕೆ ಇರುವುದು ಈ ಕಾರಣದಿಂದ.